ಪರದೆ ಮೊದಲು, ಕ್ಯಾಮೆರಾ ಆಮೇಲೆ

ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರ ಫೋಟೊ, ಸಿನಿಮಾ, ಪ್ರದರ್ಶನಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಪುಷ್ಪಮಾಲಾ ಅವರ ಫೋಟೊಗಳಲ್ಲಿ ಅವರೇ ವೇಷ ಹಾಕಿ ನಿಂತಿರುತ್ತಾರೆ. ಹಾಗಾದರೆ ಫೋಟೊ ತೆಗೆದವರು ಯಾರು, ಕೃತಿ ಯಾರದು?
– ಚಿತ್ರಕಲಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಕ್ಯಾಮೆರಾ ಹಿಡಿದವರು ಬೇರೆಯವರು. ಮುಂಬಯಿಯಲ್ಲಿ 1996–98ರಲ್ಲಿ ಮಾಡಿದ 'ಫ್ಯಾಂಟಮ್ ಲೇಡಿ ಆರ್ ಕಿಸ್ಮತ್' ಎಂಬ ಕಪ್ಪು-ಬಿಳುಪು ಸರಣಿಗೆ ಮೀನಲ್ ಅಗರ್ವಾಲ್ ಫೋಟೊ ತೆಗೆದರು. 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' (2000–2004) ಮಾತ್ರ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ ಜೊತೆಯಾಗಿ ಮಾಡಿದ ಕೆಲಸ. ಅದರಲ್ಲಿ ಇಬ್ಬರ ಹೆಸರೂ ಇರುತ್ತದೆ. ಪುಷ್ಪಮಾಲಾ ಬರೋಡಾದಲ್ಲಿ ಕಲಿತದ್ದು ಶಿಲ್ಪಕಲೆ. ಯಾವ ಹಳೆಯ ಚಿತ್ರವನ್ನು ಆರಿಸಬೇಕು, ಸೆಟ್ಟು ಹೇಗಿರಬೇಕು, ಮೈ ಎಲ್ಲಿ ಬಾಗಬೇಕು ಎಂಬ ನಿರ್ಧಾರಗಳಲ್ಲೇ ಕೃತಿ ಹುಟ್ಟುತ್ತದೆ. ಇದನ್ನು ಫೋಟೊ-ಪರ್ಫಾರ್ಮೆನ್ಸ್ ಎನ್ನುತ್ತಾರೆ. ನಿಮ್ಮ ಕಾಲೇಜಿನಲ್ಲಿ ಇಂಥದ್ದು ಮಾಡಿದರೆ ಕ್ಯಾಮೆರಾ ಹಿಡಿದವರ ಹೆಸರನ್ನೂ ಚಿತ್ರದ ಕೆಳಗೆ ಹಾಕಿ.

ಪ್ರಶ್ನೆ: ಅವರು ರವಿವರ್ಮನ 'ಬೆಳದಿಂಗಳಲ್ಲಿ ಕುಳಿತ ಹೆಂಗಸು' ಚಿತ್ರವನ್ನು ಫೋಟೊ ಆಗಿ ಮರುಸೃಷ್ಟಿಸಿದ್ದಾರೆ. ನಾವೂ ಹಾಗೆ ಪ್ರಯತ್ನಿಸಿದೆವು. ಪರದೆಯ ಮೇಲೆ ನೆರಳು ಬಿತ್ತು, ಬಣ್ಣ ಹೊಳೆಯಿತು, ಬೆಳದಿಂಗಳು ಬರಲೇ ಇಲ್ಲ.
– ಹವ್ಯಾಸಿ ಛಾಯಾಗ್ರಾಹಕರ ಗುಂಪು, ಹುಬ್ಬಳ್ಳಿ

ಉತ್ತರ: ನಿಮ್ಮ ಮೂರು ತೊಂದರೆಗಳಲ್ಲಿ ಎರಡು ಕ್ಯಾಮೆರಾ ಎತ್ತುವ ಮೊದಲೇ ಆಗಿವೆ. ಹೊಳಪಿಗೆ ಕಾರಣ ಬಣ್ಣ. ಎನಾಮೆಲ್ ಅಥವಾ ಎಣ್ಣೆಬಣ್ಣ ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ದಪ್ಪ ಕೋರಾ ಬಟ್ಟೆಗೆ ತೆಳು ಗೋಂದಿನ ನೀರು ಹಚ್ಚಿ ಒಣಗಿಸಿ, ಅದರ ಮೇಲೆ ಡಿಸ್ಟೆಂಪರಿನಲ್ಲಿ ಬರೆಸಿ. ನಾಟಕ ಕಂಪನಿಗಳಿಗೆ ಪರದೆ ಬರೆಯುವವರು ನಿಮ್ಮ ಕಡೆ ಸಿಕ್ಕರೆ ಅವರನ್ನೇ ಕೇಳಿ. ದೂರದಿಂದ ನೋಡಿದಾಗ ಎಷ್ಟು ವಿವರ ಸಾಕು ಎಂಬುದು ಅವರ ಕೈಗೆ ಗೊತ್ತಿರುತ್ತದೆ. ಮೇಲೆ ಮತ್ತು ಕೆಳಗೆ ಬಿದಿರಿನ ಕೋಲು ಹೊಲಿಸಿದರೆ ಸುಕ್ಕು ಬೀಳುವುದಿಲ್ಲ.

ನೆರಳಿನ ಲೆಕ್ಕ ಸರಳ. ಕುಳಿತವರ ತಲೆ ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿರುತ್ತದೆ. ದೀಪ 45 ಡಿಗ್ರಿ ಮೇಲಿನಿಂದ ಬಿದ್ದರೆ ನೆರಳು 4 ಅಡಿ ಹಿಂದೆ ನೆಲದಲ್ಲೇ ಮುಗಿಯುತ್ತದೆ. ಆದ್ದರಿಂದ ಪರದೆ ಅವರಿಂದ 5 ಅಡಿ ಹಿಂದಿರಲಿ. ನೀವು ದೀಪವನ್ನು ಕ್ಯಾಮೆರಾ ಎತ್ತರದಲ್ಲೇ ಇಟ್ಟಿರಬೇಕು. ಆಗ ಪರದೆ ಎಷ್ಟು ಹಿಂದೆ ಹೋದರೂ ನೆರಳು ಬೆನ್ನಟ್ಟಿ ಬರುತ್ತದೆ.

ಕ್ಯಾಮೆರಾ 12 ಅಡಿ ದೂರದಲ್ಲಿರಲಿ. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ ಕ್ಯಾಮೆರಾ) ಆದರೆ 50 ಎಂಎಂ ಲೆನ್ಸು, ಚಿಕ್ಕ ಸೆನ್ಸರಾದರೆ 35 ಎಂಎಂ. ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ 10 ಅಡಿ ಅಗಲ, 10 ಅಡಿ ಎತ್ತರದ ಪರದೆ ಸಾಕಾಗುತ್ತದೆ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್ 11ಕ್ಕೆ ಕಿರಿದಾಗಿಸಿ; ಆಗ ಪರದೆಯೂ ಸ್ಪಷ್ಟವಾಗಿ ಬರುತ್ತದೆ. ಹಿನ್ನೆಲೆಯನ್ನು ಮಸುಕು ಮಾಡುವ ಈಗಿನ ಅಭ್ಯಾಸ ಇಲ್ಲಿ ಕೆಲಸ ಕೆಡಿಸುತ್ತದೆ. ಬರೆದ ಪರದೆ ಬರೆದದ್ದೇ ಎಂದು ಕಾಣಬೇಕು. ಶಟರ್ 1/15 ಸೆಕೆಂಡಿನವರೆಗೂ ಇಳಿಯಬಹುದು, ಹಾಗಾಗಿ ಟ್ರೈಪಾಡ್ ಬೇಕೇ ಬೇಕು, ಕುಳಿತವರು ಉಸಿರು ಬಿಗಿಹಿಡಿಯಬೇಕು.

ಇನ್ನು ಬೆಳದಿಂಗಳು. 5600 ಕೆಲ್ವಿನ್‌ನ ಎಲ್‌ಇಡಿ ದೀಪ ಹಚ್ಚಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿಯೆಂದು ತಿಳಿಯಬೇಕು ಎಂಬ ಸೆಟ್ಟಿಂಗ್) ಅನ್ನು 3200ಕ್ಕೆ ಇಳಿಸಿ. ಬೆಳಕು ತಾನಾಗಿ ನೀಲಿಯಾಗುತ್ತದೆ. ಎಕ್ಸ್‌ಪೋಷರ್ ಒಂದರಿಂದ ಒಂದೂವರೆ ಸ್ಟಾಪ್ ಕಡಿಮೆ ಇರಲಿ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ). ಪರದೆಯಲ್ಲಿ ಚಂದ್ರ ಎಡಕ್ಕಿದ್ದು ದೀಪ ಬಲಕ್ಕಿದ್ದರೆ ನೋಡುವವರಿಗೆ ಏನೋ ತಪ್ಪಿದೆ ಎಂದು ಅನಿಸುತ್ತಲೇ ಇರುತ್ತದೆ, ಏನೆಂದು ಹೇಳಲಾಗದಿದ್ದರೂ.

ತಯಾರಿಯ ಫೋಟೊಗಳನ್ನು ಎಸೆಯಬೇಡಿ. 'ನೇಟಿವ್ ವಿಮೆನ್'ನ ನಾಲ್ಕು ಭಾಗಗಳಲ್ಲಿ ಒಂದು 'ಪ್ರೋಸೆಸ್ ಸೀರೀಸ್': ಸೆಟ್ಟು ಕಟ್ಟುವುದು, ಬಣ್ಣ ಹಚ್ಚುವುದು, ಸೀರೆ ಉಡುವುದೇ ಅದರ ವಸ್ತು. ಇನ್ನೊಂದು ಭಾಗದಲ್ಲಿ ಮೈಯ ಅಳತೆಗೆ ಬ್ರಿಟಿಷರು ಬಳಸುತ್ತಿದ್ದ ಚೌಕುಳಿ ಹಿನ್ನೆಲೆ ಬರುತ್ತದೆ. 1869ರಲ್ಲಿ ಲ್ಯಾಂಪ್ರೆ ಎಂಬಾತ ಮರದ ಚೌಕಟ್ಟಿಗೆ ರೇಷ್ಮೆ ದಾರ ಕಟ್ಟಿ 2 ಅಂಗುಲದ ಚೌಕಗಳನ್ನು ಮಾಡುವ ವಿಧಾನ ಸೂಚಿಸಿದ್ದ. ಆ ಚೌಕಗಳ ಮುಂದೆ ಕಲಾವಿದೆಯೇ ತನ್ನಿಚ್ಛೆಯಿಂದ ನಿಂತಾಗ ಫೋಟೊದ ಅರ್ಥವೇ ತಿರುಗುತ್ತದೆ. ಆ ಸರಣಿಯಲ್ಲಿ ನಮಗೆ ಬಹಳ ಮುಖ್ಯವೆನಿಸುವುದು ಈ ಭಾಗವೇ.

ಪ್ರಶ್ನೆ: 'ಪ್ಯಾರಿಸ್ ಆಟಮ್' ಎಂಬ ಸಿನಿಮಾವನ್ನು ಅವರು ಸ್ಥಿರಚಿತ್ರಗಳಿಂದಲೇ ಕಟ್ಟಿದ್ದಾರಂತೆ. ಅದು ಸ್ಲೈಡ್ ಶೋ ಆಗದಂತೆ ಹೇಗೆ ಮಾಡುವುದು?
– ಕಿರುಚಿತ್ರ ಆಸಕ್ತೆ, ಮೈಸೂರು

ಉತ್ತರ: 2006ರ ಆ ಚಿತ್ರ ಸುಮಾರು 35 ನಿಮಿಷ ಇದೆ. ಅಷ್ಟು ಹೊತ್ತು ಅಂದರೆ 2100 ಸೆಕೆಂಡು. ಒಂದು ಚಿತ್ರ ಸರಾಸರಿ 5 ಸೆಕೆಂಡು ನಿಂತರೂ 420 ಫೋಟೊ ಬೇಕು. ನೀವು 5 ನಿಮಿಷದಿಂದ ಶುರುಮಾಡಿ, 60 ಫೋಟೊ ಸಾಕು. ಮೊದಲು ಧ್ವನಿ ಮುಗಿಸಿ: ನಿರೂಪಣೆ, ಹೆಜ್ಜೆ ಸಪ್ಪಳ, ಮಳೆ. ಚಿತ್ರವನ್ನು ಆಮೇಲೆ ಅದರ ಮೇಲೆ ಕೂರಿಸಿ. ಎಲ್ಲ ಚಿತ್ರಗಳೂ ಒಂದೇ ಹೊತ್ತು ನಿಂತಾಗಲೇ ಸ್ಲೈಡ್ ಶೋ ಆಗುವುದು. ಒಂದು ಅರ್ಧ ಸೆಕೆಂಡು, ಇನ್ನೊಂದು 12 ಸೆಕೆಂಡು ನಿಲ್ಲಲಿ. 24 ಮೆಗಾಪಿಕ್ಸೆಲ್ ಫೋಟೊದ ಅಗಲ 6000 ಪಿಕ್ಸೆಲ್, ವಿಡಿಯೊದ್ದು 1920. ಮೂರು ಪಟ್ಟಿಗಿಂತ ಹೆಚ್ಚು ಹತ್ತಿರಕ್ಕೆ ಹೋದರೆ ಚಿತ್ರ ಒಡೆಯುತ್ತದೆ. ಸೀರೆಯ ಸಣ್ಣ ಗೆರೆಗಳ ಮೇಲೆ ನಿಧಾನವಾಗಿ ಸರಿದರೆ ಗೆರೆಗಳು ಮಿನುಗುತ್ತವೆ. ಆ ಚಿತ್ರಕ್ಕೆ ಮಾತ್ರ ಸ್ವಲ್ಪ ಬ್ಲರ್ ಕೊಡಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಫೋಟೊ ಪ್ರದರ್ಶನದ ಫ್ರೇಮುಗಳ ಒಳಗೆ ಬೂಷ್ಟು ಹಿಡಿಯಿತು, ಎರಡು ಪ್ರಿಂಟು ಗಾಜಿಗೆ ಅಂಟಿದವು.
– ಕಲಾ ಶಿಕ್ಷಕಿ, ಶಿವಮೊಗ್ಗ

ಉತ್ತರ: ಪ್ರಿಂಟಿಗೂ ಗಾಜಿಗೂ ನಡುವೆ, ಚಿತ್ರ ಕಾಣುವಂತೆ ಕಿಟಕಿ ಕತ್ತರಿಸಿದ ಆಮ್ಲರಹಿತ ಮೌಂಟ್ ಬೋರ್ಡ್ (ದಪ್ಪ ರಟ್ಟು) ಇಟ್ಟರೆ ಅಂಟುವುದಿಲ್ಲ. ಫ್ರೇಮಿನ ಹಿಂಭಾಗದ ಕೆಳಗಿನ ಎರಡು ಮೂಲೆಗೆ ಕಾರ್ಕ್ ತುಂಡು ಅಂಟಿಸಿ, ಫ್ರೇಮಿಗೂ ಗೋಡೆಗೂ ನಡುವೆ ಗಾಳಿ ಆಡಲಿ. ಈಗ ಅಂಟಿರುವುದನ್ನು ಕಿತ್ತು ತೆಗೆಯಲು ಹೋಗಬೇಡಿ, ಚಿತ್ರದ ಪದರವೇ ಗಾಜಿನ ಜೊತೆ ಬರುತ್ತದೆ. ಡಿಜಿಟಲ್ ಫೈಲಿದ್ದರೆ ಹೊಸದಾಗಿ ಪ್ರಿಂಟು ಹಾಕಿಸಿ. ಪುಷ್ಪಮಾಲಾ ಅವರ 'ಸುನ್‌ಹರೇ ಸಪ್ನೆ'ಯಂತೆ ಕೈಯಲ್ಲಿ ಬಣ್ಣ ಹಚ್ಚಿದ ಫೋಟೊಗಳಿದ್ದರೆ ಅವುಗಳ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟದಿರಲಿ.