ವಿಂಡ್‌ಸಾಕ್ ಜೋತುಬಿದ್ದಿದೆ, ಹೊರಡಬಹುದೇ?

ಪ್ರಶ್ನೆ: ಕಾಡಿನ ನಡುವಿನ ಹುಲ್ಲಿನ ಏರ್‌ಸ್ಟ್ರಿಪ್, ಸುತ್ತ ಎತ್ತರದ ಮರಗಳು. ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ) ಅಲ್ಲಾಡುತ್ತಿರಲಿಲ್ಲ. ವಿಮಾನ ಸಲೀಸಾಗಿ ನೆಲ ಬಿಟ್ಟಿತು. ಆದರೆ ಮರದ ತುದಿ ದಾಟುತ್ತಿದ್ದಂತೆ ವೇಗದ ಮುಳ್ಳು ಸರ್ರನೆ ಇಳಿದು ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ) ಎಚ್ಚರಿಕೆ ಕೂಗಿತು. ಎಂಜಿನ್‌ನಲ್ಲಿ ದೋಷವಿರಲಿಲ್ಲ. ಏನಾಗಿರಬಹುದು?

ಉತ್ತರ: ಕೆಳಗೆ ನೀವು ಗಾಳಿಯ ಮರೆಯಲ್ಲಿದ್ದಿರಿ, ಮೇಲೆ ಹಿಂಗಾಳಿ ಬೀಸುತ್ತಿತ್ತು. ವಿಂಡ್‌ಸಾಕ್ ತಾನು ನಿಂತ ಜಾಗದ ಗಾಳಿಯನ್ನಷ್ಟೇ ಹೇಳುತ್ತದೆ. ಮರಗಳಿಗಿಂತ ಗಿಡ್ಡ ಕಂಬದ ಮೇಲಿದ್ದರೆ, ಮರದ ತುದಿಯಲ್ಲಿ ನಡೆಯುವುದು ಅದಕ್ಕೆ ಗೊತ್ತಾಗುವುದಿಲ್ಲ.

ಲೆಕ್ಕ ಹೀಗಿದೆ. 60 ನಾಟ್ (ಗಂಟೆಗೆ ಸುಮಾರು 111 ಕಿ.ಮೀ.) ವೇಗದಲ್ಲಿ ಏರುತ್ತಿರುವ ವಿಮಾನ 10 ನಾಟ್ ಹಿಂಗಾಳಿಯ ಪದರಕ್ಕೆ ತಟ್ಟನೆ ಹೊಕ್ಕರೆ, ಅದರ ನೆಲವೇಗ ಆ ಕ್ಷಣಕ್ಕೆ ಬದಲಾಗುವುದಿಲ್ಲ; ರೆಕ್ಕೆಗೆ ತಾಗುವ ಗಾಳಿಯ ವೇಗ ಮಾತ್ರ 50ಕ್ಕೆ ಕುಸಿಯುತ್ತದೆ. ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಸುಮಾರು 30% ಹೋದಂತಾಯಿತು. ಸ್ಟಾಲ್ ವೇಗ 48 ನಾಟ್ ಇರುವ ವಿಮಾನಕ್ಕೆ ಉಳಿದದ್ದು ಬರೀ 2 ನಾಟ್. ಥ್ರಾಟಲ್ ಆಗಲೇ ಪೂರ್ತಿ ತೆರೆದಿರುತ್ತದೆ, ಕೇಳಿದರೂ ಎಂಜಿನ್ ಹೆಚ್ಚು ಕೊಡದು. ಆಗ ಇರುವುದು ಒಂದೇ ದಾರಿ: ಮೂತಿ ಇಳಿಸುವುದು. ಮರ ಎದುರಿಗೇ ಇರುವಾಗ ಕೈ ತಾನಾಗಿ ಯೋಕನ್ನು (ಮೂತಿ ಎತ್ತಿ ಇಳಿಸುವ ಹಿಡಿಕೆ) ಎಳೆಯುತ್ತದೆ, ಅನಾಹುತ ಆಗುವುದು ಅಲ್ಲೇ.

ಹಾಗಾಗಿ ಗಾಳಿಯನ್ನು ಹೊರಡುವ ಮುನ್ನವೇ ಮೇಲೆ ಹುಡುಕಬೇಕು. ಮರದ ತುದಿಯ ಎಲೆಗಳು ಎತ್ತ ಬಾಗುತ್ತಿವೆ, ಮೋಡದ ನೆರಳು ಎತ್ತ ಓಡುತ್ತಿದೆ, ಹತ್ತಿರದ ಕೆರೆಯ ಯಾವ ದಡದಲ್ಲಿ ನೀರು ನಯವಾಗಿದೆ ನೋಡಿ (ಗಾಳಿ ಬರುವ ಕಡೆಯ ದಡದಲ್ಲಿ ಅಲೆ ಕಡಿಮೆ). ಏರ್‌ಸ್ಟ್ರಿಪ್ ಪಟ್ಟಿಯ ಕೊನೆಯವರೆಗೆ ಕಾಲ್ನಡಿಗೆಯಲ್ಲಿ ಹೋಗಿಬನ್ನಿ, ಹುಲ್ಲಿನ ತೇವವೂ ತಿಳಿಯುತ್ತದೆ. ಎಲೆಗಳು ನೀವು ಹಾರುವ ದಿಕ್ಕಿಗೇ ಬಾಗಿದ್ದರೆ ಇನ್ನೊಂದು ತುದಿಯಿಂದ ಹೊರಡಿ; ಅದು ಸಾಧ್ಯವಿಲ್ಲದಿದ್ದರೆ ಕಾಯಿರಿ. ಬೆಟ್ಟದ ನೆತ್ತಿಯಲ್ಲಿ 20–25 ನಾಟ್ ಮೀರಿದ ಗಾಳಿಯ ಮುನ್ಸೂಚನೆ ಇದ್ದರೆ ಆ ದಿನದ ಯೋಚನೆಯನ್ನೇ ಬಿಡುವುದು ಲೇಸು. ಬೆಟ್ಟದ ಮರೆಯ ಬದಿಯಲ್ಲಿ ಗಾಳಿ ನಿಮಿಷಕ್ಕೆ 1,000 ಅಡಿಗಿಂತ ವೇಗವಾಗಿ ಕೆಳಕ್ಕೆ ಸುರಿಯಬಲ್ಲದು, ಸಣ್ಣ ವಿಮಾನ ಏರುವುದು ಅದರ ಅರ್ಧ, ಮುಕ್ಕಾಲು ಪಾಲಷ್ಟೇ.

ಪ್ರಶ್ನೆ: ಕಣಿವೆಯ ಏರ್‌ಸ್ಟ್ರಿಪ್‌ಗಳಲ್ಲಿ ಇಳಿಯುವುದು ಏರುಮುಖವಾಗಿ, ಹೊರಡುವುದು ಇಳಿಮುಖವಾಗಿ. ನಸುಕಿನಲ್ಲೇ ಹೊರಡಿ ಎನ್ನುತ್ತಾರೆ. ಅದು ಯಾವಾಗಲೂ ಸರಿಯೇ?

ಉತ್ತರ: ಅಲ್ಲ. ಆ ಸಲಹೆ ಇಳಿಯುವವರಿಗೆ ಹೆಚ್ಚು ಒಪ್ಪುತ್ತದೆ. ರಾತ್ರಿಯಿಡೀ ತಣಿದ ಗಾಳಿ ಭಾರವಾಗಿ, ನೀರಿನಂತೆ ಕಣಿವೆಯ ಕೆಳಕ್ಕೆ ಹರಿಯುತ್ತದೆ. ಏರುಮುಖವಾಗಿ ಇಳಿಯುವವರಿಗೆ ಅದು ಎದುರುಗಾಳಿ, ಇಳಿಮುಖವಾಗಿ ಹೊರಡುವವರಿಗೆ ಅದೇ ಹಿಂಗಾಳಿ.

ಸೆಸ್ನಾ ಕಂಪನಿಯ ಸಣ್ಣ ವಿಮಾನಗಳ ಹಲವು ಕೈಪಿಡಿಗಳ ಪ್ರಕಾರ ಪ್ರತಿ 2 ನಾಟ್ ಹಿಂಗಾಳಿಗೆ ಟೇಕಾಫ್ ದೂರ 10% ಹೆಚ್ಚುತ್ತದೆ (10 ನಾಟ್‌ವರೆಗೆ). ಗಟ್ಟಿ ರನ್‌ವೇಯಲ್ಲಿ 300 ಮೀಟರ್ ಬೇಕಾದ ವಿಮಾನಕ್ಕೆ 6 ನಾಟ್ ಹಿಂಗಾಳಿಯಲ್ಲಿ 390 ಮೀಟರ್ ಬೇಕು. ಒಣ ಹುಲ್ಲಿಗೆ ಇನ್ನೂ 20% ಸೇರಿಸಿದರೆ 468. ಅದರ ಮೇಲೆ ಮೂರನೇ ಒಂದರಷ್ಟು ಸುರಕ್ಷತೆಯ ಅಂತರ ಇಟ್ಟರೆ 620 ದಾಟುತ್ತದೆ. ಇಳಿಜಾರು ಇದರಲ್ಲಿ ಸ್ವಲ್ಪ ಮರಳಿಸುತ್ತದೆ, ನಿಜ. ಆದರೆ ಚಕ್ರ ನೆಲ ಬಿಟ್ಟ ಮೇಲೆ ಇಳಿಜಾರಿನ ಉಪಕಾರ ಮುಗಿಯಿತು. ಹಿಂಗಾಳಿ ಮಾತ್ರ ಜೊತೆಗೇ ಬಂದು ಏರುವ ಕೋನವನ್ನು ಚಪ್ಪಟೆ ಮಾಡುತ್ತದೆ.

ಮಧ್ಯಾಹ್ನ ಬಿಸಿಯಾದ ಗಾಳಿ ಕಣಿವೆಯ ಮೇಲಕ್ಕೆ ಏರುತ್ತದೆ, ಹೊರಡುವವರಿಗೆ ಎದುರುಗಾಳಿ ಸಿಗುತ್ತದೆ. ಆದರೆ ಅದರ ಜೊತೆಗೆ ಹೊಡೆತದ ಗಾಳಿಯೂ ಶಾಖವೂ ಬರುತ್ತವೆ. 5,000 ಅಡಿಯಲ್ಲಿ ಪ್ರಮಾಣಿತ ಉಷ್ಣಾಂಶ 5 ಡಿಗ್ರಿ. ಅಲ್ಲಿ 25 ಡಿಗ್ರಿ ಇದ್ದರೆ, ಹೆಚ್ಚಿನ ಪ್ರತಿ ಡಿಗ್ರಿಗೆ 120 ಅಡಿಯಂತೆ, ವಿಮಾನದ ಪಾಲಿಗೆ ಅದು 7,400 ಅಡಿಯ ತೆಳುಗಾಳಿ. ಕೆಳಮುಖ ಗಾಳಿ ನಿಂತು ಮೇಲ್ಮುಖ ಗಾಳಿ ಇನ್ನೂ ಬಲಗೊಳ್ಳದ ಹೊತ್ತು, ಅಂದರೆ ಕಣಿವೆಯ ತಳಕ್ಕೆ ಬಿಸಿಲು ಬಿದ್ದ ಸ್ವಲ್ಪ ಸಮಯದ ನಂತರದ್ದು, ಹೊರಡಲು ಅನುಕೂಲ.

ಪಟ್ಟಿಯ ಅರ್ಧದಲ್ಲಿ ಕಣ್ಣಿಗೆ ಬೀಳುವ ಗುರುತು ಇಡಿ. ಅಲ್ಲಿಗೆ ಬರುವಷ್ಟರಲ್ಲಿ ನೆಲ ಬಿಡುವ ವೇಗದ 70% ಬಂದಿರಬೇಕು: 55 ನಾಟ್‌ಗೆ ಹಾರುವ ವಿಮಾನವಾದರೆ 39. ಬರದಿದ್ದರೆ ಥ್ರಾಟಲ್ ಮುಚ್ಚಿ. ಆದರೆ ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ, ಅಲ್ಲಿ ನಿರ್ಧಾರದ ಗುರುತನ್ನು ಅರ್ಧಕ್ಕಿಂತ ಹಿಂದೆಯೇ ಇಡಬೇಕು. ಓಟದ ಆರಂಭದಲ್ಲಿ ವೇಗದ ಮುಳ್ಳು ಎಂದಿಗಿಂತ ತಡವಾಗಿ ಎದ್ದರೆ, ಬೆನ್ನ ಹಿಂದೆ ಗಾಳಿ ಇದೆ ಎಂದೇ ತಿಳಿಯಿರಿ.

ಪ್ರಶ್ನೆ: ನನ್ನ ವಿಮಾನದ ಕೈಪಿಡಿಯಲ್ಲಿ ಅಡ್ಡಗಾಳಿ 15 ನಾಟ್ ಎಂದಿದೆ. ಕಾಡಿನ ಪಟ್ಟಿಯಲ್ಲೂ ಅಷ್ಟಕ್ಕೆ ಹೊರಡಬಹುದೇ?

ಉತ್ತರ: ಅದು ಪರೀಕ್ಷಾ ಹಾರಾಟದಲ್ಲಿ ತೋರಿಸಿದ ಅಂಕಿ, ಮಿತಿಗಳ ಅಧ್ಯಾಯದಲ್ಲಿ ಇಲ್ಲದಿದ್ದರೆ ಕಡ್ಡಾಯ ಮಿತಿಯಲ್ಲ. ಹಾಗೆಂದು ನಿಮಗೆ ಸಿಕ್ಕ ಅನುಮತಿಯೂ ಅಲ್ಲ. ಕಿರಿದಾದ ಪಟ್ಟಿಯಲ್ಲಿ ಅದರ ಅರ್ಧಕ್ಕೇ ನಿಲ್ಲುವುದು ಒಳ್ಳೆಯದು, ಅದೂ ಸರಾಸರಿಯನ್ನಲ್ಲ, ಹೊಡೆತದ ಗರಿಷ್ಠವನ್ನು ಲೆಕ್ಕ ಹಿಡಿದು. ಗಾಳಿ 30 ಡಿಗ್ರಿ ಓರೆಯಿದ್ದರೆ ಅದರ ಅರ್ಧ, 45 ಇದ್ದರೆ 70%, 60 ಇದ್ದರೆ ಹೆಚ್ಚುಕಡಿಮೆ 90% ಅಡ್ಡಗಾಳಿ.

ಓಟದ ಮೊದಲಲ್ಲೇ ಏಲೆರಾನನ್ನು (ರೆಕ್ಕೆಯ ಹಿಂಬದಿ ಅಂಚಿನ ಚಲಿಸುವ ಭಾಗ) ಗಾಳಿಯ ಕಡೆಗೆ ಪೂರ್ತಿ ತಿರುಗಿಸಿ, ವೇಗ ಬಂದಂತೆ ಸಡಿಲಿಸುತ್ತಾ ಹೋಗಿ. ನೇರ ಹಿಡಿಯುವುದು ರಡ್ಡರ್ (ಕಾಲಿನ ಪೆಡಲ್‌ನಿಂದ ನಡೆಸುವ ಬಾಲದ ಚುಕ್ಕಾಣಿ) ಕೆಲಸ. ಕೆಲವು ನಾಟ್ ಹೆಚ್ಚು ವೇಗ ಬಂದ ಮೇಲೆ ಒಮ್ಮೆಗೇ ನೆಲ ಬಿಡಿಸಿ. ಅರೆಬರೆ ಎದ್ದ ವಿಮಾನ ಪಕ್ಕಕ್ಕೆ ಜಾರುತ್ತಲೇ ಮತ್ತೆ ನೆಲಕ್ಕೆ ತಾಗಿದರೆ ಚಕ್ರದ ಕಾಲು ಮುರಿಯಬಹುದು. ಮರಗಳ ಸಾಲಿನಲ್ಲಿ ಎಲ್ಲಿ ಕಂಡಿಯಿದೆ ಎಂಬುದನ್ನು ಮೊದಲೇ ನೋಡಿಟ್ಟುಕೊಳ್ಳಿ. ಅಲ್ಲಿಂದ ನುಗ್ಗುವ ಗಾಳಿ ಬಾಲವನ್ನು ತಳ್ಳಿ ಮೂತಿಯನ್ನು ತನ್ನ ಕಡೆಗೆ ತಿರುಗಿಸುತ್ತದೆ, ಬಾಲದಲ್ಲಿ ಚಕ್ರವಿರುವ ವಿಮಾನಗಳಲ್ಲಿ ಇನ್ನೂ ಜೋರಾಗಿ. ಕಂಡಿ ಬರುವ ಮೊದಲೇ ಕಾಲು ರಡ್ಡರ್ ಮೇಲೆ ಸಿದ್ಧವಾಗಿರಲಿ.