‘ಇಲ್ಲೆಲ್ಲ ಹೀಗೇ’ ಎಂಬ ವೋಚರಿಗೆ ಸಹಿ ಹಾಕಲೇ?

ಪ್ರಶ್ನೆ: ಬ್ರಿಟಿಷ್ ಕಂಪನಿಯೊಂದರ ಪೀಣ್ಯ ಘಟಕದಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮಾತೃಸಂಸ್ಥೆಯಿಂದ ಬಂದ ಬಿಡಿಭಾಗಗಳ ಕಂಟೇನರ್ ಚೆನ್ನೈ ಬಂದರಿನಲ್ಲಿ ನಿಂತಿದೆ. ಹದಿನೈದು ಸಾವಿರ ‘ಮಾಮೂಲು’ ಕೊಟ್ಟರೆ ನಾಳೆಯೇ ಬಿಡಿಸುತ್ತೇನೆ ಎನ್ನುತ್ತಾನೆ ಕ್ಲಿಯರಿಂಗ್ ಏಜೆಂಟ್. ‘ಲೋಡಿಂಗ್ ಕೂಲಿ ಅಂತ ವೋಚರ್ ಮಾಡಿ ಸಹಿ ಹಾಕಿ, ನಮ್ಮ ಪದ್ಧತಿ ಲಂಡನ್ನಿನವರಿಗೆ ಅರ್ಥವಾಗಲ್ಲ’ ಎನ್ನುತ್ತಾರೆ ಮ್ಯಾನೇಜರ್. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಸಹಿ ಹಾಕಬೇಡಿ. ಪದ್ಧತಿಯ ಮಾತು ಇಲ್ಲಿ ನಿಲ್ಲುವುದಿಲ್ಲ. 2018ರ ತಿದ್ದುಪಡಿಯ ನಂತರ ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲೇ ಲಂಚ ಕೊಡುವುದೂ ಅಪರಾಧ. ಏಳು ವರ್ಷದವರೆಗೆ ಜೈಲಾಗಬಹುದು. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆ. ಬ್ರಿಟನ್ನಿನ 2010ರ ಲಂಚ ತಡೆ ಕಾಯ್ದೆಯಂತೂ, ಸ್ಥಳೀಯ ರೂಢಿಯನ್ನು ಆ ದೇಶದ ಲಿಖಿತ ಕಾನೂನೇ ಒಪ್ಪದಿದ್ದರೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಾಮೂಲಿ ಕಡತ ಸರಿಸಲು ಕೊಡುವ ಸಣ್ಣ ಮೊತ್ತಕ್ಕೆ ವಿದೇಶದಲ್ಲಿ ಲಂಚ ಕೊಡುವುದನ್ನು ತಡೆಯುವ ಅಮೆರಿಕದ 1977ರ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅದನ್ನೇ ಕೇಳಿಕೊಂಡು ‘ಚಿಕ್ಕದು ಪರವಾಗಿಲ್ಲ’ ಎನ್ನುವವರಿದ್ದಾರೆ. ಬ್ರಿಟಿಷ್ ಕಂಪನಿಗೆ ಅದು ಸಲ್ಲದು. ಏಜೆಂಟ್ ಕೈಯಿಂದ ಕೊಡಿಸಿದರೂ ಸಲ್ಲದು. ಸುಳ್ಳು ವೋಚರ್ ಬೇರೆಯದೇ ತಪ್ಪು, ಅದರ ಮೇಲಿರುವುದು ನಿಮ್ಮ ಸಹಿ.

ಕಂಟೇನರ್ ನಿಂತ ಕಾರಣವನ್ನು ಏಜೆಂಟ್ ಬಾಯಿಂದಲ್ಲ, ಬಿಲ್ ಆಫ್ ಎಂಟ್ರಿ (ಆಮದು ಸರಕಿನ ಘೋಷಣಾ ಪತ್ರ) ಸಂಖ್ಯೆ ಹಾಕಿ ಕಸ್ಟಮ್ಸ್ ಜಾಲತಾಣ ಐಸ್‌ಗೇಟ್‌ನಲ್ಲಿ ನೋಡಿ. ಮಾತೃಸಂಸ್ಥೆಯ ಸರಕಾದ್ದರಿಂದ ಇನ್‌ವಾಯ್ಸ್ ಬೆಲೆಯ ಮೇಲೆ ಕ್ವೆರಿ ಬಂದಿರಬಹುದು. ಇಂಥ ಪ್ರಕರಣ ಸಂಬಂಧವಿರುವ ಕಂಪನಿಗಳ ನಡುವಿನ ಬೆಲೆ ಪರಿಶೀಲಿಸುವ ಕಸ್ಟಮ್ಸ್ ವಿಭಾಗವಾದ ಸ್ಪೆಷಲ್ ವ್ಯಾಲ್ಯುಯೇಷನ್ ಬ್ರಾಂಚಿಗೆ ಹೋಗುವುದುಂಟು, ಅದು ಕಿರುಕುಳವಲ್ಲ. ಬೆಲೆಪಟ್ಟಿ, ರಾಯಲ್ಟಿ ಒಪ್ಪಂದ, ಕ್ಯಾಟಲಾಗ್ ಲಗತ್ತಿಸಿ ಉತ್ತರಿಸಿ. ತನಿಖೆ ಎಳೆದರೆ ಕೊನೆಗೆ ನಿಗದಿಯಾಗುವ ಸುಂಕ ಕಟ್ಟುತ್ತೇವೆಂಬ ಬಾಂಡ್ ಕೊಟ್ಟು, ಸರಕು ಬಿಡಿಸಿಕೊಳ್ಳಲು ತಾತ್ಕಾಲಿಕ ಅಸೆಸ್‌ಮೆಂಟ್ ಕೇಳಿ. ಬಿಲ್ ಆಫ್ ಎಂಟ್ರಿ ತಡವಾಗಿ ಸಲ್ಲಿಸಿದ್ದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ ತಡದ ಶುಲ್ಕ ಬೀಳುತ್ತದೆ. ಅದಕ್ಕೆ ಚಲನ್ ಇರುತ್ತದೆ. ತನ್ನ ತಡವನ್ನು ಮುಚ್ಚಲು ‘ಸಾಹೇಬರು ಕೇಳ್ತಿದ್ದಾರೆ’ ಎನ್ನುವ ಏಜೆಂಟರೂ ಇದ್ದಾರೆ. ಆ ಹದಿನೈದು ಸಾವಿರ ಯಾರ ಜೇಬಿಗೆ ಹೋಗುತ್ತದೋ!

ಮ್ಯಾನೇಜರಿಗೆ ಜಗಳವಿಲ್ಲದ ಎರಡು ಸಾಲಿನ ಮೇಲ್ ಸಾಕು: ‘ಸರ್, ಈ ಮೊತ್ತಕ್ಕೆ ಚಲನ್ ಅಥವಾ ವಿವರವಿರುವ ಬಿಲ್ ಬಂದರೆ ಇವತ್ತೇ ಪಾವತಿಸುತ್ತೇನೆ.’ ಮುಂದಿನ ತಿಂಗಳು ಅದೇ ಹಣ ‘ಏಜೆನ್ಸಿ ಚಾರ್ಜ್’ ಹೆಸರಿನಲ್ಲಿ ನುಸುಳಬಹುದು, ಹಳೆಯ ಬಿಲ್ ಜತೆ ತಾಳೆ ನೋಡಿ. ಒತ್ತಡ ಮುಂದುವರಿದರೆ ಮಾತೃಸಂಸ್ಥೆಯ ಕಂಪ್ಲಯನ್ಸ್ (ನಿಯಮಪಾಲನೆ) ವಿಭಾಗಕ್ಕೆ ಬರೆಯಿರಿ. ಅಧಿಕಾರಿಯೇ ನೇರವಾಗಿ ಕೇಳಿದರೆ ದೂರು ಸಿಬಿಐಗೆ; ಕಸ್ಟಮ್ಸ್ ಕೇಂದ್ರದ್ದು, ನಮ್ಮ ಲೋಕಾಯುಕ್ತದ ವ್ಯಾಪ್ತಿಗೆ ಬರುವುದಿಲ್ಲ.

ಲಂಡನ್ನಿನವರೂ ಪೂರ್ತಿ ಸಾಚಾ ಅಲ್ಲ. ಲಂಚ ಬೇಡವೆಂದು ಪಾಲಿಸಿ ಕಳಿಸಿ, ಒಂದು ದಿನವೂ ಆಚೀಚೆಯಾಗದ ಡೆಲಿವರಿ ಗಡುವು ಕೊಟ್ಟರೆ ಆ ಭಾರ ಬೀಳುವುದು ನಿಮ್ಮಂಥವರ ಮೇಲೆ. ಕ್ಲಿಯರೆನ್ಸಿಗೆ ಒಂದು ವಾರ ಹೆಚ್ಚಿಗೆ ಇಟ್ಟುಕೊಳ್ಳಲಿ, ಸರಕು ಬಂದರಿನಲ್ಲಿ ನಿಂತದ್ದಕ್ಕೆ ಈ ಸಲ ಬೀಳುವ ಶುಲ್ಕ, ಅಂದರೆ ಡೆಮರೇಜನ್ನು ತಮ್ಮ ಲೆಕ್ಕದಲ್ಲೇ ಭರಿಸಲಿ ಎಂದು ಅದೇ ಪತ್ರದಲ್ಲಿ ಕೇಳಿ.