ಆರ್ಡಾ ಪಾತ್ರೆಯ ತಂತಿ ಕುಸುರಿ: ಬೆಸುಗೆ ಎಲ್ಲಿ ಬೇಕು, ಎಲ್ಲಿ ಬೇಡ

ಆರ್ಡಾ ಪಾತ್ರೆಯ ಫೋಟೋ ಹಾಕಿ, ಬಟ್ಟಲಿನ ಮೇಲೆ ತಂತಿ ಬೆಸೆಯಲು ಹೋದರೆ ಕರಗಿ ಮುದ್ದೆಯಾಗುತ್ತದೆ, ಆ ಪಾತ್ರೆ ಮಾಡಿದ ಕುಶಲಕರ್ಮಿಗಳು ಹೇಗೆ ಮಾಡಿದರು ಅಂತ ಕೇಳಿದ್ದೀರಿ. ಅವರು ಬಟ್ಟಲಿನ ಮೇಲೆ ಬೆಸೆಯಲೇ ಇಲ್ಲ.

1868ರಲ್ಲಿ ಐರ್ಲೆಂಡಿನ ಲಿಮರಿಕ್ ಕಡೆ ಆಲೂಗಡ್ಡೆ ಅಗೆಯುವಾಗ ಸಿಕ್ಕಿದ್ದು ಇದು. 8ನೇ ಶತಮಾನದ್ದು, ಚರ್ಚಿನ ಪೂಜೆಯಲ್ಲಿ ದ್ರಾಕ್ಷಾರಸಕ್ಕೆ. ನೋಡಲು ಒಂದೇ ಪಾತ್ರೆ, ಆದರೆ ಬಿಡಿ ಭಾಗಗಳು 350ಕ್ಕೂ ಜಾಸ್ತಿ. ಬೆಳ್ಳಿ ಬಟ್ಟಲು, ಕಂಚಿನ ಕುತ್ತಿಗೆ, ಬೆಳ್ಳಿ ಪಾದ, ಈ ಮೂರನ್ನೂ ಹಿಡಿದಿರುವುದು ಮಧ್ಯದಲ್ಲಿ ಹಾದುಹೋಗುವ ಒಂದು ಬೋಲ್ಟು.

ಕುಸುರಿಯೂ ಹಾಗೆಯೇ. ಬಾಯಿಯ ಕೆಳಗಿನ ಪಟ್ಟಿಯಲ್ಲಿ ಕಾಣುವ ಹೆಣೆದುಕೊಂಡ ಪ್ರಾಣಿಗಳನ್ನು ತೆಳು ಚಿನ್ನದ ತಗಡಿನ ಮೇಲೆ ಬೇರೆಯಾಗಿ ಮಾಡಿದರು. ಆಮೇಲೆ ತಗಡನ್ನು ಚೌಕಟ್ಟಿನಲ್ಲಿ ಕೂರಿಸಿ, ಚೌಕಟ್ಟಿನ ಅಂಚಿನಿಂದ ಉಳಿಯಲ್ಲಿ ಸಣ್ಣ ಸಣ್ಣ ಚಕ್ಕೆ ಎಬ್ಬಿಸಿ ತಗಡಿನ ಮೇಲೆ ಒತ್ತಿದರು. ಅಲ್ಲಿ ಬೆಂಕಿಯ ಕೆಲಸವೇ ಇಲ್ಲ. ನನ್ನ ಮಟ್ಟಿಗೆ ಇಡೀ ಪಾತ್ರೆಯಲ್ಲಿ ಕಲಿಯಬೇಕಾದ್ದು ಇದೇ.

ನೀವೂ ಬಟ್ಟಲನ್ನು ಪಕ್ಕಕ್ಕಿಡಿ. ಉಗುರಿನಷ್ಟಗಲದ ತಗಡು ತೊಗೊಳ್ಳಿ. ತಂತಿಯನ್ನು ಕಾಯಿಸಿ ಮೆತ್ತಗೆ ಮಾಡಿ, ಬಾಗಿಸಿ, ಮೇಲಿಟ್ಟು ನೋಡಿ. ಸಂದು ಕಂಡರೆ ಬೆಸುಗೆ ಹಿಡಿಯುವುದಿಲ್ಲ, ಇನ್ನೊಮ್ಮೆ ಬಾಗಿಸಿ. ಬಿಳಿಗಾರದ (ಬೊರಾಕ್ಸ್) ನೀರು ಹಚ್ಚಿ, ಬೆಸುಗೆ ಲೋಹವನ್ನು ಅರದಲ್ಲಿ ಪುಡಿ ಮಾಡಿ ಬಹಳ ಕಡಿಮೆ ಉದುರಿಸಿ. ಜಾಸ್ತಿಯಾದರೆ ತಂತಿಯ ಗೆರೆ ಮುಚ್ಚಿಹೋಗುತ್ತದೆ. ಜ್ವಾಲೆಯನ್ನು ತಗಡಿನ ಅಡಿಯಿಂದ ಕೊಡಿ. ಮೇಲಿಂದ ಕೊಟ್ಟರೆ ತೆಳು ತಂತಿ ಮೊದಲು ಕಾಯುತ್ತದೆ, ತಗಡು ಇನ್ನೂ ತಣ್ಣಗಿರುತ್ತದೆ. ನಿಮ್ಮದು ಮುದ್ದೆಯಾಗುತ್ತಿರುವುದು ಇದಕ್ಕೇ ಇರಬೇಕು, ಅಲ್ವಾ?

ಫೋಟೋ ದೊಡ್ಡದು ಮಾಡಿ ನೋಡಿದರೆ ತಂತಿ ಸಾಲು ಮಣಿಯಂತೆ ಕಾಣುತ್ತದೆ. ಮಣಿ ಒಂದೊಂದಾಗಿ ಅಂಟಿಸಿದ್ದಲ್ಲ. ತಂತಿಯನ್ನು ಅಂಚಿರುವ ಉಪಕರಣದಡಿ ಹೊರಳಿಸಿದರೆ ಸುತ್ತಲೂ ಗೀರು ಬಿದ್ದು ನಡುವೆ ಉಬ್ಬು ಉಳಿಯುತ್ತದೆ. ಮೊದಲು ತಾಮ್ರದಲ್ಲಿ ಅಭ್ಯಾಸ ಮಾಡಿ, ಸುಮ್ನೆ ಬೆಳ್ಳಿ ಹಾಳು ಮಾಡಬೇಡಿ.

ಕೆಂಪು, ನೀಲಿ ಗಾಜಿನ ಗುಬುಟುಗಳನ್ನೂ ಸೇರಿಸುವ ಆಸೆ ಇದ್ದರೆ ಅವನ್ನು ಕಟ್ಟಕಡೆಗೆ ಕೂರಿಸಿ. ಬೆಂಕಿ ತಾಗಿದರೆ ಗಾಜು ಬಿರುಕು ಬಿಡುತ್ತದೆ. ಮೊದಲ ತಗಡು ಮುಗಿದ ಮೇಲೆ ಹಿಂಬದಿಯ ಫೋಟೋನೂ ಹಾಕಿ. ಕಾವು ಎಲ್ಲಿ ಕಮ್ಮಿಯಾಗಿದೆ ಅಂತ ಅಲ್ಲೇ ಗೊತ್ತಾಗೋದು.